ತಿಪ್ಪಣ್ಣನಾಯಕನ ಪಟ್ಟ ಇಳಿಸಿದ್ದು

ಒಂದಾನೊಂದು ಕಾಲದಲ್ಲಿ ಕಡ್ಲೆಹಟ್ಟಿ ಅಂತ ಒಂದೂರಿತ್ತಂತೆ. ನಮ್ಮ ಹಿರೀಕರ ಊರೇ ಅಂತೆ, ಅದಕ್ಕೇ ಹೇಳೋಕೆ ಸ್ವಲ್ಪ ನಾಚಿಕೆ. ಊರಾಳ್ತಿದ್ದ ನಾಯಕ ಮಕ್ಕಳಿಲ್ಲದೆ ಸತ್ತಾಗ ಊರೋರೆಲ್ಲ ಸೇರಿ ತಿಪ್ಪಣ್ಣ ಅನ್ನೋನಿಗೆ ಪಟ್ಟ ಕಟ್ಟಿದ್ರಂತೆ. ಅವನೇ ಯಾಕೆ? ಮೀಸೆ ಚೆನ್ನಾಗಿತ್ತಂತೆ, ಅಷ್ಟೇ.

ಆದ್ರೂ ಒಂದು ಕಟ್ಟಳೆ ಮಾಡ್ಕೊಂಡಿದ್ರು. ನಾಯಕ ತಪ್ಪಿ ನಡೆದ್ರೆ ಕೇರಿ ಯಜಮಾನರು ದೂರು ಹೊರಿಸಬಹುದು. ಬರೀ ದೂರಿಗೆ ಪಟ್ಟ ಹೋಗಲ್ಲ. ಊರ ಹಿರಿಯರು ಎರಡೂ ಕಡೆ ಮಾತು ಕೇಳ್ಬೇಕು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಎದ್ದು ನಿಂತ್ರೆ ಮಾತ್ರ ನಾಯಕ ಇಳೀಬೇಕು.

ನಮ್ಮ ಮುತ್ತಜ್ಜ ದುಗ್ಗಪ್ಪ ಒಬ್ಬ ಕೇರಿ ಯಜಮಾನ. ಬಾಯಿ ಮುಂದು, ಬುದ್ಧಿ ಹಿಂದು. ನಮ್ಮ ವಂಶದ ಗುಣ, ಏನು ಮಾಡೋದು! ಉಳಿದ ಯಜಮಾನರನ್ನ ಕಟ್ಕೊಂಡು ಹಿರಿಯರ ಹತ್ರ ಹೋದನಂತೆ.

"ನಾಯಕ ಬೆಳಿಗ್ಗೆ ಎದ್ದು ಹಾಡ್ತಾನೆ. ಎಮ್ಮೆ ಹಾಲು ಕೊಡ್ತಿಲ್ಲ. ಇಳಿಸಿ!"

ಹಿರಿಯರಲ್ಲಿ ದೊಡ್ಡವಳು ಹೊನ್ನಾಜಮ್ಮ. "ಕಿವಿಗೆ ಅರಳೆ ಇಟ್ಕೊಳ್ಳಪ್ಪ" ಅಂದಳಂತೆ.

ಆಮೇಲೆ ಮತ್ತೆ ಹೋದ. "ನಾಯಕನ ಮಾತು ಕೇಳಿ ಮಳೆಗೆ ಮುಂಚೆ ಬಿತ್ತಿದ್ವಿ. ಬೀಜವೆಲ್ಲ ಹಕ್ಕಿ ಪಾಲಾಯ್ತು."

"ಅದು ದಡ್ಡತನ, ದ್ರೋಹ ಅಲ್ಲ. ಬಿತ್ತಿದೋರು ಇನ್ನೂ ದಡ್ಡರು. ಹೋಗು."

ಹೀಗಿರುವಾಗ ನಾಯಕನ ಬಾಮೈದ ಕುಂಬಾರ್ತಿ ಸಿದ್ದವ್ವನ ಮಡಕೆ ಒಡೆದು, ಅವಳ ಕೈ ಮುರಿದನಂತೆ. ಊರು ಕಾಯೋ ತಳವಾರ ಅವನನ್ನ ಹಿಡಿದು ಕಟ್ಟಿಹಾಕಿದ. ನಾಯಕ ಕಟ್ಟು ಬಿಚ್ಚಿಸಿ, ತಳವಾರನಿಗೆ "ನೀನೇನೂ ನೋಡಿಲ್ಲ ಅನ್ನು" ಅಂದ. ತಳವಾರ ಒಪ್ಪಲಿಲ್ಲ. ನಾಯಕ ಅವನ ಕೋಲು ಕಿತ್ಕೊಂಡು ಊರಾಚೆ ಅಟ್ಟಿದ.

ಸಿದ್ದವ್ವ ದುಗ್ಗಪ್ಪನ ಬಾಗಿಲಿಗೆ ಬಂದಳು. "ಹಾಡಿಗೆಲ್ಲ ಓಡ್ತಿದ್ದೆಯಲ್ಲಣ್ಣ, ಈಗ ಯಾಕೆ ಕೂತಿದ್ದೀಯ?"

ದುಗ್ಗಪ್ಪನಿಗೆ ಭಯ ಇತ್ತಂತೆ. ಆದ್ರೂ ಯಜಮಾನರನ್ನ ಸೇರಿಸಿ ದೂರು ಒಯ್ದ. ಕಟ್ಟೆ ಮೇಲಿದ್ದ ಹಿರಿಯರೆಲ್ಲ ನಕ್ಕರು. "ಈ ಸಲ ಏನಪ್ಪ, ನಾಯಕ ಸೀನಿದನಾ?" ದುಗ್ಗಪ್ಪ ನಡೆದದ್ದು ಹೇಳಿದ. ನಗು ನಿಂತುಹೋಯ್ತು.

ನಾಯಕನನ್ನೂ ಕರೆಸಿ ಕೇಳಿದ್ರು.

"ಪಟ್ಟ ನಂದು, ತಳವಾರ ನನ್ನ ಆಳು. ನಾನು ಇಟ್ಟರೆ ಇದ್ದ, ಬಿಟ್ಟರೆ ಹೋದ" ಅಂದ ನಾಯಕ.

"ಪಟ್ಟ ಊರಿಂದು ಮಗ, ನಿನಗೆ ಕಾಯೋಕೆ ಕೊಟ್ಟಿದ್ದು" ಅಂತ ಹೊನ್ನಾಜಮ್ಮ ಎದ್ದು ನಿಂತಳು. ಒಬ್ಬೊಬ್ಬರೇ ಮಂಡಿ ಹಿಡ್ಕೊಂಡು ಎದ್ದರು. ಇನ್ನೊಬ್ಬರು ಎದ್ದರೆ ಲೆಕ್ಕ ತುಂಬುತ್ತೆ. ಕೂತವರಲ್ಲಿ ನಾಯಕನ ಸೋದರಮಾವ ಈರಣ್ಣನೂ ಇದ್ದ, ಚಿಕ್ಕಂದಿನಲ್ಲಿ ಅವನನ್ನ ಎತ್ತಿ ಆಡಿಸಿದೋನು. ಅವನು ಸಿದ್ದವ್ವನ ಕೈ ನೋಡಿದ, ಅಳಿಯನ ಮುಖ ನೋಡಿದ. ಕಣ್ಣೊರೆಸಿಕೊಂಡು ಎದ್ದ.

ನಾಯಕ ಪಟ್ಟದ ರುಮಾಲು ಬಿಚ್ಚಿಟ್ಟ. ಇಳಿಸಿದ್ದಷ್ಟೇ, ಯಾರೂ ಹೊಡೀಲಿಲ್ಲ, ಬಡೀಲಿಲ್ಲ. ಕೈ ಮುರಿದ ಬಾಮೈದನ ನ್ಯಾಯ ಬೇರೆ ದಿನ ಬೇರೆಯಾಗಿ ನಡೀತಂತೆ. ತಳವಾರನಿಗೆ ಕೋಲು ವಾಪಸ್ ಬಂತು. "ಬಾರೋ, ಉಣ್ಣೋಣ" ಅಂತ ಈರಣ್ಣ ಅಳಿಯನ ಭುಜ ಹಿಡಿದು ಮನೆಗೆ ಕರ್ಕೊಂಡು ಹೋದ.

ನಮ್ಮ ದುಗ್ಗಪ್ಪ ಮಾತ್ರ ತಲೆ ಬಾಚ್ಕೊಂಡು ಖಾಲಿ ಗದ್ದಿಗೆ ಪಕ್ಕದಲ್ಲೇ ನಿಂತಿದ್ದನಂತೆ. ಹೊನ್ನಾಜಮ್ಮ ನೋಡಿ, "ನೀನು ದೂರೋಕೆ ಸರಿ ಕಣಪ್ಪ, ಆಳೋಕೆ ಬೇಡ" ಅಂದಳಂತೆ.

ಅವರು ಅಲ್ಲಿ ನ್ಯಾಯ ಉಂಡ್ರು, ನಾವು ಇಲ್ಲಿ ಅಂಬಲಿ ಉಂಡ್ವಿ.