ಸಮ ಬೇಡವೆಂದ ಹೆಗ್ಗಣ

ಅದು ಆಷಾಢದ ಮೊದಲ ಮಂಗಳವಾರ, ಮಧ್ಯಾಹ್ನ.

ಹೊಲದ ಬದುವಿನಲ್ಲಿ ಹೆಗ್ಗಣ ತೋಡಿದ್ದ ಬಿಲ ತನಗೆ ಬೇಕೆಂದು ಉಡ ಪಟ್ಟು ಹಿಡಿಯಿತು. ಕಾದಾಡುವ ಬದಲು ಚದುರಂಗ ಆಡುವುದು, ಗೆದ್ದವರಿಗೆ ಬಿಲ ಎಂದು ಇಬ್ಬರೂ ಒಪ್ಪಿದರು. ಉಡ ನುರಿತ ಆಟಗಾರ. ಹೆಗ್ಗಣ ಕಾಯಿ ನಡೆಸಲು ಕಲಿತದ್ದೇ ಈಚೆಗೆ. ಆದರೂ ಅದು ಸಿಕ್ಕಿದ ಕಾಯಿಯನ್ನೆಲ್ಲ ಹೊಡೆಯುತ್ತ ಹಿಗ್ಗಿತು. ತನ್ನ ರಾಜನ ದಾರಿ ಮುಚ್ಚಿಹೋದದ್ದು ಮಾತ್ರ ಅದಕ್ಕೆ ಕಾಣಲಿಲ್ಲ.

ಆಗ ಬಿಲದೊಳಗಿಂದ ಇನ್ನೂ ಕಣ್ಣು ತೆರೆಯದ ಮರಿಗಳ ಕೂಗು ಕೇಳಿಸಿತು. ಕುದುರೆಯನ್ನು ಎತ್ತಲು ಹೊರಟಿದ್ದ ಉಡ ಕೈಯನ್ನು ಹಿಂದಕ್ಕೆಳೆದುಕೊಂಡಿತು.

"ಆಟ ಸಮವೆನ್ನೋಣ, ಹೆಗ್ಗಣಯ್ಯ. ನಿನ್ನ ಬಿಲ ನಿನಗೇ ಇರಲಿ."

ಹೆಗ್ಗಣಕ್ಕೆ ಒಪ್ಪಿಬಿಡಬೇಕೆನ್ನಿಸಿತು. ಅಷ್ಟರಲ್ಲಿ ಆಟ ನೋಡಲು ನೆರೆದಿದ್ದವರಲ್ಲಿ ಕಾಗೆ ನಕ್ಕಿತು.

"ಗೆಲ್ಲುವವನು ಸಮ ಕೇಳುತ್ತಾನೆಯೇ, ಹೆಗ್ಗಣ ಮಾವ? ಉಡಕ್ಕೆ ನಡುಕ ಹತ್ತಿದೆ!"

"ನಿಮ್ಮ ಕಾಯಿಗಳೇ ಹೆಚ್ಚಿವೆ, ಬಿಡಬೇಡಿ," ಎಂದಿತು ಅಳಿಲು. ಓತಿಕ್ಯಾತ ಹೌದು ಹೌದೆಂದು ತಲೆಯಾಡಿಸಿತು.

ಹೆಗ್ಗಣದ ಮೀಸೆ ನಿಗುರಿತು. "ಸಮ ಬೇಕಾದದ್ದು ನಿನಗೆ, ನನಗಲ್ಲ. ಆಡು!"

ಉಡ ಕುದುರೆಯನ್ನು ನಡೆಸಿತು. ರಾಜ ಸೆರೆಯಾದ, ಆಟ ಮುಗಿಯಿತು.

ಸಂಜೆ ಮಳೆ ಹಿಡಿಯಿತು. ಹೆಣ್ಣು ಹೆಗ್ಗಣ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬಯಲಿಗೆ ತಂದಿತು.

"ಉಡ ಹೇಳಿದ್ದು ಒಳಗಿದ್ದ ನನಗೂ ಕೇಳಿಸಿತು," ಎಂದಿತು. "ನೀವು ಒಪ್ಪಬಾರದಿತ್ತೇ?"

ರಾತ್ರಿಯಿಡೀ ಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ಒಂದು ಮರಿಯೂ ಉಳಿದಿರಲಿಲ್ಲ.

ಅವನ್ನು ಮಣ್ಣು ಮಾಡುವಾಗ ಯಾರೂ ಬರಲಿಲ್ಲ. ಆಟದ ಹೊತ್ತಿಗೆ ಹಾಜರಿದ್ದವರು: ಕಾಗೆ, ಅಳಿಲು, ಓತಿಕ್ಯಾತ.