ಸಕ್ಕರೆ ಬಿಟ್ಟು ಬಂದ ಬೆಟ್ಟಯ್ಯ

ಒಂದೂರು. ಯಾವೂರು ಅಂತ ಕೇಳ್ಬೇಡಿ, ಹೆಸರು ಹೇಳಿದ್ರೆ ಆ ಊರೋರು ನನ್ನ ಮೇಲೆ ಜಗಳಕ್ಕೆ ಬರ್ತಾರೆ. ಅಲ್ಲಿ ಮಂಚಮ್ಮ ಅಂತ ಒಬ್ಬಳು, ಅವಳಿಗೊಬ್ಬ ಮಗ ಬೆಟ್ಟಯ್ಯ. ಆಳು ಹೆಸರಿಗೆ ತಕ್ಕಂಗೆ ಬೆಟ್ಟ. ಬುದ್ಧಿ? ಅದೊಂದು ಮಾತ್ರ ಕೇಳ್ಬೇಡಿ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ. "ಇವನ್ನ ಕಟ್ಕೊಂಡು ನಾನೇನು ಮಾಡ್ಲಪ್ಪಾ!" ಅಂತ ಮಂಚಮ್ಮ ದಿನಾ ಹಣೆ ಚಚ್ಕೊಳ್ಳೋಳು.

ಹಂಗಂತ ಆ ಮನೇಲಿ ಪೆದ್ದ ಅವನೊಬ್ಬನೇ ಅಂದ್ಕೊಂಡ್ರಾ? ಆಯಮ್ಮನ ಕತೆ ಕೇಳಿ. ಒಂದು ಲೋಟ ಟೀಗೆ ಐದು ಚಮಚ ಸಕ್ಕರೆ! ಕುಡಿದಾದ ಮೇಲೆ ತಳದಲ್ಲಿ ಉಳಿದಿದ್ದನ್ನ ಬೆರಳಲ್ಲಿ ಬಳ್ಕೊಂಡು ನೆಕ್ಕೋಳು. ಸೆರಗಿನ ಗಂಟಲ್ಲಿ ಯಾವಾಗ್ಲೂ ಬೆಲ್ಲದ ಚೂರು. ಕೊನೆಗೆ ಸಕ್ಕರೆ ಕಾಯಿಲೆ ಬಂತು. ಕಲ್ಲು ಎಡವಿ ಹೆಬ್ಬೆರಳಿಗೆ ಆದ ಗಾಯ ಎರಡು ತಿಂಗಳಾದ್ರೂ ಮಾಯಲಿಲ್ಲ.

ಡಾಕ್ಟ್ರಮ್ಮ ಕಾಲು ನೋಡಿ ಗದರಿದ್ರು. "ಮಂಚಮ್ಮ, ಮಾತ್ರೆ ನುಂಗಿದ್ರೆ ಸಾಲ್ದು, ಸಕ್ಕರೆ ಬಿಡ್ಬೇಕು. ಬಿಡ್ದೇ ಇದ್ರೆ ಬೆರಳು ತೆಗೀಬೇಕಾಗುತ್ತೆ!"

ಮಂಚಮ್ಮನ ಎದೆ ಧಸಕ್ಕಂತು. ಮಗಳು ಸಾಕಮ್ಮ ಚೊಚ್ಚಲ ಬಸುರಿ, ಬಾಣಂತನಕ್ಕೆ ತೌರಿಗೆ ಬರೋಳು. ಕುಂಟುಕಾಲಲ್ಲಿ ಬಾಣಂತಿಗೆ ನೀರು ಹುಯ್ಯೋದು ಹೆಂಗೆ? ಮೊಮ್ಮಗೂನ ಎತ್ಕೊಂಡು ಓಡಾಡೋದು ಹೆಂಗೆ? ಮನೆಗೆ ಬಂದೋಳೇ ಕಣ್ಣೀರು ಹಾಕ್ಕೊಂಡು ಅಂದಳು, "ಲೇ ಬೆಟ್ಟ, ನಾಳೆಯಿಂದ ಸಕ್ಕರೆ ಬಿಡ್ಬೇಕು ಕಣ್ಲಾ."

"ಅಷ್ಟೇ ತಾನೇ ಅವ್ವ? ಬಿಡೋಣ!"

ಕದ್ದು ಹಾಲು ಕುಡಿಯೋ ಬೆಕ್ಕನ್ನ ನಾವು ಹೆಂಗೆ ಬಿಡ್ತೀವಿ ಹೇಳಿ? ಚೀಲಕ್ಕೆ ಹಾಕಿ, ದಾರಿ ಮರೆಯೋ ಹಂಗೆ ಮೂರು ಸುತ್ತು ತಿರುಗಿಸಿ, ಕೆರೆ ಆಚೆ ಬಿಟ್ಟು ಬರ್ತೀವಿ. ಬೆಟ್ಟಯ್ಯನೂ ಬೆಳಗ್ಗೆ ಎದ್ದೋನೇ ಸಕ್ಕರೆ ಡಬ್ಬ ಚೀಲಕ್ಕೆ ಹಾಕಿದ. ಮೂರು ಸುತ್ತು ತಿರುಗಿಸಿದ. ಕೆರೆ ಆಚೆ ಬಿಟ್ಟ. "ಇನ್ನು ನಮ್ಮನೆ ಕಡೆ ಬರ್ಬೇಡ!" ಅಂತ ಗದರಿಸಿ ಬಂದ.

ಸಪ್ಪೆ ಟೀ ಕುಡಿದ ಮಂಚಮ್ಮಂಗೆ ಮಧ್ಯಾಹ್ನದೊಳಗೆ ತಲೆ ಸಿಡಿಯೋಕೆ ಶುರುವಾಯ್ತು. ಕಂಡೋರ ಮೇಲೆಲ್ಲ ಸಿಟ್ಟು ಬಂತು. ತಡೀಲಾರದೆ ಕುಂಟ್ಕೊಂಡು ಕೆರೆ ಆಚೆ ಹೋದಳು. ಡಬ್ಬ ಸೆರಗಲ್ಲಿ ಮುಚ್ಚಿಟ್ಕೊಂಡು ವಾಪಸ್ ಬಂದಳು. ನೋಡಿ, ಪೆದ್ದ ಯಾರು?

ಬೆಟ್ಟಯ್ಯ ಡಬ್ಬ ಕಂಡ. "ಅಯ್ಯೋ ಅವ್ವ! ವಾಪಸ್ ಬಂದ್ಬಿಡ್ತಾ! ನಮ್ಮ ಬೆಕ್ಕೂ ಹಿಂಗೇ ಬಂದಿತ್ತು. ಯಾರೋ ಮತ್ತೆ ಹಾಲು ಹಾಕಿರ್ತಾರೆ!"

ಮಂಚಮ್ಮಂಗೆ ಆ ಮಾತು ನಾಟ್ತು. ನಾಚಿಕೆಗೆ ಸಿಟ್ಟೇ ಬಂತು. "ಥೂ ಪೆದ್ದ! ಬಿಡೋದು ಅಂದ್ರೆ ಡಬ್ಬ ಹೊತ್ಕೊಂಡು ಹೋಗಿ ಬಿಡೋದೇನ್ಲಾ? ಬಾಯಿ ಕಟ್ಬೇಕು, ಬಾಯಿ!"

"ಮೊದ್ಲೇ ಹೇಳ್ಬಾರ್ದಾ ಅವ್ವ? ಕಟ್ಟೋಣ!"

ಮಾರನೇ ದಿನ ಪಕ್ಕದ ಮನೆ ನಿಂಗಾಜಮ್ಮ ತಟ್ಟೆ ತುಂಬ ಒಬ್ಬಟ್ಟು ತಂದಳು. "ಒಂದೇ ಒಂದು" ಅಂತ ಮಂಚಮ್ಮ ಕೈ ಚಾಚಿದಳು. ಬೆಟ್ಟಯ್ಯ ಕೊಟ್ಟಿಗೆಗೆ ಓಡಿದ. ಕಣದಲ್ಲಿ ಎತ್ತು ಹುಲ್ಲಿಗೆ ಬಾಯಿ ಹಾಕದೆ ಇರ್ಲಿ ಅಂತ ಮೂತಿಗೆ ಕಟ್ತೀವಲ್ಲ, ಹಗ್ಗದ ಕುಕ್ಕೆ, ಅದನ್ನ ತಂದ. ಅವ್ವನ ಮೂತಿಗೆ ಹಾಕಿ ತಲೆ ಹಿಂದೆ ಬಿಗಿಯಾಗಿ ಗಂಟು ಹಾಕೇಬಿಟ್ಟ!

"ಬಾಯಿ ಕಟ್ಟಿದೀನಿ ಅವ್ವ! ಈಗ ಒಬ್ಬಟ್ಟು ನೋಡ್ಕೋ, ಎಷ್ಟು ಬೇಕಾದ್ರೂ!"

ನಿಂಗಾಜಮ್ಮ ನಕ್ಕು ನಕ್ಕು ಗೋಡೆಗೆ ಒರಗಿದಳು. ಮಂಚಮ್ಮ ಕುಕ್ಕೆ ಕಿತ್ತು ಬಿಸಾಕಿದಳು. "ನಿನ್ನ ಬುದ್ಧಿಗಿಷ್ಟು! ಬಾಯಿ ಕಟ್ಟೋದು ಅಂದ್ರೆ ಆಸೆ ತಡೆಯೋದು ಕಣ್ಲಾ! ಆಸೆ ಬಂದ್ರೆ ಬಾಗಿಲಲ್ಲೇ ತಡೀಬೇಕು. ಒಂದು ಗಳಿಗೆ ತಡೆದ್ರೆ ತಾನಾಗೇ ವಾಪಸ್ ಹೋಗುತ್ತಂತೆ. ಡಾಕ್ಟ್ರಮ್ಮ ಹೇಳವ್ರೆ."

"ಹೌದಾ? ಬರ್ಲಿ ಅದು, ನಾನವ್ನಿ!"

ದೊಣ್ಣೆ ಹಿಡ್ಕೊಂಡು ಬಾಗಿಲಲ್ಲಿ ಕೂತ. ಒಂದು ದಿನ ಕೂತ, ಎರಡು ದಿನ ಕೂತ. ಮೂರನೇ ದಿನ ಊರಿನ ಆಶಾ ಕಾರ್ಯಕರ್ತೆ ಮಂಚಮ್ಮನ ಸಕ್ಕರೆ ಎಷ್ಟೈತೆ ಅಂತ ನೋಡೋಕೆ ಬಂದಳು.

"ಯಾರು ನೀವು?"

"ಆಶಾ ಕಣಪ್ಪ. ಒಳಗೆ ಬಿಡು."

"ಆಸೆ! ಸಿಕ್ದೆ! ಹಿಂದಕ್ಕೆ ಸರೀ!" ದೊಣ್ಣೆ ಅಡ್ಡ ಇಟ್ಟೇ ಇಟ್ಟ. ಆಯಮ್ಮ ಕೂಗಾಡಿದಳು. ಬೇಡ್ಕೊಂಡಳು. ಬಿಸಿಲಲ್ಲಿ ಒಂದು ಗಳಿಗೆ ನಿಂತಳು. ಕೊನೆಗೆ ಬೈಕೊಂಡು ಹೊರಟುಹೋದಳು.

ಅದೇ ಹೊತ್ತಲ್ಲಿ ಒಳಗೆ ನಮ್ಮ ಮಂಚಮ್ಮ ಏನು ಮಾಡ್ತಿದ್ದಳು? ಡಬ್ಬದ ಮುಚ್ಚಳ ತೆಗೆದು ಕೈ ಇಡ್ತಿದ್ದಳು! ಆಗ ಹೊರಗಿಂದ ಕೂಗು ಬಂತು. "ಅವ್ವಾ! ಆಸೆ ಬಂದಿತ್ತು! ಕೂಗಾಡ್ತು, ಬೇಡ್ಕೊಳ್ತು, ನಾನು ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ! ಒಂದು ಗಳಿಗೆ ನಿಂತು ವಾಪಸ್ ಹೋಯ್ತು!"

ಮಂಚಮ್ಮನ ಕೈ ಡಬ್ಬದಲ್ಲೇ ನಿಂತ್ಬಿಡ್ತು. ಈ ಪೆದ್ದಮುಂಡೇದಕ್ಕೆ ಆಗಿದ್ದು ನನ್ನ ಕೈಲಿ ಆಗಲ್ವಾ ಅನ್ನಿಸ್ತು. ಮುಚ್ಚಳ ಹಾಕಿದಳು. ಒಂದು ಲೋಟ ನೀರು ಕುಡಿದು ಜಗಲಿ ಮೇಲೆ ಬಂದು ಕೂತಳು. ಆಸೆ ಕೂಗಾಡ್ತು. ಬೇಡ್ಕೊಳ್ತು. ಒಂದು ಗಳಿಗೆ ನಿಂತ್ಕೊಳ್ತು. ಹೋಯ್ತು! ನಿಜವಾಗ್ಲೂ ಹೋಯ್ತು ಕಣ್ರಪ್ಪ, ನಾನೇನು ಸುಳ್ಳು ಹೇಳ್ತೀನಾ? ಸಂಜೆಗೆ ಮತ್ತೆ ಬಂತು, ಮತ್ತೆ ತಡೆದಳು. ಹತ್ತು ದಿನ ತಲೆನೋವಲ್ಲಿ ನರಳಿದಳು. ಹನ್ನೊಂದನೇ ದಿನ ಸಪ್ಪೆ ಟೀ ಕುಡಿದು, "ಅಯ್ಯೋ, ಹಾಲಿಗೂ ಒಂದು ರುಚಿ ಐತಲ್ಲ!" ಅಂದಳು.

ಆಶಾನ ಓಡಿಸಿದ್ದು ಗೊತ್ತಾದಾಗ ಮಂಚಮ್ಮ ಬೈದಿದ್ದೇ ಬೈದಿದ್ದು. "ಆಯಮ್ಮನ ಕಾಲಿಗೆ ಬಿದ್ದು ಕರ್ಕೊಂಡು ಬಾ! ಜನಾನ ತಡೀಬ್ಯಾಡ, ಸಿಹಿನ ತಡಿ. ಸಿಹಿ ಅನ್ನೋದು ಈ ಹೊಸ್ತಿಲು ದಾಟ್ಕೂಡ್ದು!"

"ಸಿಹಿ ದಾಟ್ಕೂಡ್ದು" ಅಂತ ಬೆಟ್ಟಯ್ಯ ಬಾಯಿಪಾಠ ಮಾಡ್ಕೊಂಡ.

ಮೂರು ತಿಂಗಳಲ್ಲಿ ಗಾಯ ಒಣಗ್ತು. ಆದ್ರೂ ಮಂಚಮ್ಮಂಗೆ ಭಯ. ನೆಲಕ್ಕೆ ಬೆರಳು ತಾಗಿಸದೆ ಕುಂಟ್ಕೊಂಡೇ ಓಡಾಡೋಳು. ಆಗ ಒಂದಿನ ಅಳಿಯ ಸಣ್ಣಪ್ಪ ಬಂದ. ಮುಖ ಊರಗಲ ಆಗಿತ್ತು.

"ಭಾವ, ಏನು ಬಂದಿದ್ದು?" ಬಾಗಿಲಲ್ಲಿದ್ದ ಬೆಟ್ಟಯ್ಯ ಕೇಳಿದ.

"ಸಿಹಿ ಸುದ್ದಿ ತಂದಿದೀನಿ ಕಣೋ!"

"ಸಿಹಿಯಾ? ಹಂಗಾದ್ರೆ ವಾಪಸ್ ತಗೊಂಡ್ಹೋಗಿ!"

"ಲೋ, ಸುದ್ದಿ ಕಣೋ!"

"ಎಂಥ ಸಿಹಿ ಆದ್ರೂ ಅಷ್ಟೇ! ಕಹಿ ಸುದ್ದಿ ಇದ್ರೆ ಹೇಳಿ, ಅವ್ವಂಗೆ ಒಳ್ಳೇದು!"

ಮಗು ಹುಟ್ಟಿದ ಮನೆಯೋನಿಗೆ ಹಿಂಗನ್ನಬಹುದಾ? ಸಣ್ಣಪ್ಪಂಗೆ ಮೈಯೆಲ್ಲ ಉರೀತು. "ನಿಮ್ಮನೆ ಸಹವಾಸವೇ ಸಾಕು! ಬಾಣಂತೀನ ಕಳಿಸೋನೂ ಅಲ್ಲ!" ಅಂತ ಬಸ್ಸಿನ ಕಡೆ ದಾಪುಗಾಲು ಹಾಕಿದ.

ಒಳಗಿಂದ ಮಂಚಮ್ಮಂಗೆ ಕೇಳಿಸಿದ್ದು "ಬಾಣಂತಿ" ಅನ್ನೋ ಒಂದೇ ಮಾತು. ಓಡಿದಳು ನೋಡಿ! ಹೊಸ್ತಿಲು ಹಾರಿದಳು, ಚರಂಡಿ ಹಾರಿದಳು. "ಅಳಿಯಂದ್ರೇ! ನಿಂತ್ಕಳಿ! ಅವನ ಮಾತು ಬಿಟ್ಹಾಕಿ!" ಅಂತ ಬೀದಿ ಉದ್ದಕ್ಕೂ ಓಡಿ ಅಳಿಯನ ಕೈ ಹಿಡ್ಕೊಂಡಳು. ದಿನ ತುಂಬೋಕೆ ಮುಂಚೆ ಹೆರಿಗೆ ಆಗಿತ್ತು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ರು. ಅಲ್ಲೇ ನಿಂತು ಅತ್ತಳು. ಆಮೇಲೆ ಕೆಳಗೆ ನೋಡಿದಳು. ಎರಡು ಕಾಲು, ಹತ್ತು ಬೆರಳು, ಎಲ್ಲಾ ನೆಲದ ಮೇಲೆ ಗಟ್ಟಿಯಾಗಿ ಊರಿದ್ವು.

ಹದಿನೈದು ದಿನಕ್ಕೆ ಸಾಕಮ್ಮ ಮಗೂನ ಎತ್ಕೊಂಡು ತೌರಿಗೆ ಬಂದಳು. ಮಂಚಮ್ಮ ಬಾಗಿಲಲ್ಲೇ ಮಗು ಇಸ್ಕೊಂಡು, ಎದೆಗವಚಿ, ಕೆನ್ನೆಗೆ ಮೂತಿ ಇಟ್ಟಳು. "ಅಯ್ ನನ್ನ ಸಕ್ಕರೆ! ನನ್ನ ಬೆಲ್ಲದಚ್ಚು! ತಿಂದೇಬಿಡ್ತೀನಿ ನಿನ್ನ!"

"ಅವ್ವಾ, ಬ್ಯಾಡಾ!"

ಬೆಟ್ಟಯ್ಯ ಕೊಟ್ಟಿಗೆಯಿಂದ ಓಡಿ ಬಂದ. ಅವನ ಕೈಲಿ ಕುಕ್ಕೆ ಇತ್ತು.