ತಿಪ್ಪಕ್ಕನ ಗುಡಾಣ, ಅವ್ವನ ಬತ್ತಿ

ಒಂದಾನೊಂದು ಕಾಲದಲ್ಲಿ, ಕಲ್ಲಿಗೂ ಬಾಯಾರೋ ಕರೇಕಲ್ಲಹಟ್ಟಿ ಅನ್ನೋ ಊರಲ್ಲಿ, ತಿಪ್ಪಕ್ಕ ಅನ್ನೋಳಿಗೆ ಇದು ನಿನ್ನ ಕೈಲಾಗಲ್ಲ ಅಂತ ಮೂರು ಜನ ಹೇಳಿದರಂತೆ. ಅತ್ತೆ ಹಾಲಮ್ಮ ಬಾಗಿಲಿಗೆ ಅಡ್ಡ ನಿಂತು ಹೇಳಿದಳಂತೆ, ಕುಂಬಾರ ಚೆನ್ನಜ್ಜ ತಿಗರಿ ತಿರುಗಿಸ್ತಾ ನಗುನಗುತ್ತಾ ಹೇಳಿದನಂತೆ, ಗಂಡ ಬೊಮ್ಮಯ್ಯ ಅವಳ ಕಾಲಿಗೆ ಚುಚ್ಚಿದ ಮುಳ್ಳು ತೆಗೀತಾ ಮೆಲ್ಲಗೆ ಹೇಳಿದನಂತೆ. ಮೆಲ್ಲಗೆ ಹೇಳಿದ್ದೇ ಅವಳಿಗೆ ಜಾಸ್ತಿ ನಾಟಿತಂತೆ. ಏನು ಆಗಲ್ಲ ಅಂದರು ಅಂತೀಯಾ? ಕಾಲು ಕಂಬಳಿ ಒಳಗೆ ಎಳ್ಕೋ ಕೂಸೇ, ಹೇಳ್ತೀನಿ.

ಈ ತಿಪ್ಪಕ್ಕನಿಗಿಂತ ಮೊದಲು ಅವಳವ್ವನಿಗೆ ಮೂರು ಮಕ್ಕಳು ಹುಟ್ಟಿ ಮೂರೂ ಉಳಿಯಲಿಲ್ಲವಂತೆ. ನಾಲ್ಕನೇದು ಇದು ಹುಟ್ಟಿದಾಗ ಅವ್ವ ಇದನ್ನ ಮೊರದಲ್ಲಿ ಹಾಕಿಕೊಂಡು ಹೋಗಿ, ತಿಪ್ಪೆ ಮೇಲೆ ಉರುಳಿಸಿ, ಇದು ನಂದಲ್ಲ ಅಂತ ಬಿಟ್ಟು ಬಂದು, ಆಮೇಲೆ ಪಕ್ಕದ ಮನೆಯವಳು ಎತ್ತಿಕೊಂಡು ಬಂದಾಗ ಹಿಡಿ ತವುಡು ಕೊಟ್ಟು ಕೊಂಡುಕೊಂಡಳಂತೆ. ಹಂಗಂದ್ರೆ ಸಾವಿಗೆ ಗುರುತು ಸಿಗಲ್ಲ ಅಂತ ಆಗಿನವರ ನಂಬಿಕೆ. ಅದಕ್ಕೇ ತಿಪ್ಪಕ್ಕ. ಹಂಗೆ ತಿಪ್ಪೆಯಿಂದ ಎತ್ತಿದ ಮಗಳು ಬೆಳೆದು, ಮದುವೆಯಾಗಿ ಗಂಡನ ಮನೆಗೆ ಹೊರಟಾಗ, ಅವ್ವ ಅವಳ ಸೆರಗಿಗೆ ಒಂದು ಚಿಟಿಕೆ ದವನದ ಬೀಜ ಕಟ್ಟಿದಳಂತೆ. ಧೂಳಿನಷ್ಟು ಸಣ್ಣ ಬೀಜ. ನಿನ್ನ ಕೈಯಾರೆ ಬೆಳೆದ ದವನ ತಂದು ನನ್ನ ಮುಡಿಗೆ ಇಡು ಮಗಳೇ, ಆವತ್ತು ನಿನ್ನ ಕಣ್ಣು ತುಂಬ ನೋಡ್ತೀನಿ, ಇವತ್ತು ಕಣ್ಣೀರು ತುಂಬಿದೆ, ಏನೂ ಕಾಣ್ತಿಲ್ಲ ಅಂದಳಂತೆ.

ತವರು ದೂರ. ಬೆಳಗ್ಗೆ ಹೊರಟರೆ ಹೊತ್ತು ಮುಳುಗೋವಾಗ ಮುಟ್ಟಬೇಕು. ಮಗಳ ಮನೆಯಲ್ಲಿ ತಾಯಿ ನೀರೂ ಮುಟ್ಟಬಾರದು ಅನ್ನೋ ರೂಢಿ ಬೇರೆ, ಅದಕ್ಕೆ ಅವ್ವ ಬರೋ ಹಂಗಿಲ್ಲ. ತಿಪ್ಪಕ್ಕ ಏನು ಮಾಡಿದಳು? ಅತ್ತೆಮನೆ ಹಿತ್ತಲು ಬರೀ ಜಲ್ಲಿ, ಅದಕ್ಕೆ ಬುಟ್ಟಿಗಟ್ಟಲೆ ಕೆರೆಯ ಗೋಡುಮಣ್ಣು ಹೊತ್ತು ಹಾಕಿ, ಗೊಬ್ಬರ ಬೆರೆಸಿ, ಬದನೆ, ಮೆಣಸಿನಕಾಯಿ, ಹೀರೆ, ಚಪ್ಪರದವರೆ ಎಲ್ಲಾ ಸೇರಿ ಇಪ್ಪತ್ತೊಂದು ಗಿಡ ಎಬ್ಬಿಸಿ, ಕೊನೆಗೆ ಬೇಲಿ ಪಕ್ಕ ಗೇಣಗಲ ಜಾಗದಲ್ಲಿ ದವನ ಹಾಕಿದಳಂತೆ. ಬಾವಿ ಒಂದು ಕೂಗಳತೆ ದೂರ. ಸಿಂಬೆ ಮೇಲೆ ಬಿಂದಿಗೆ ಇಟ್ಟು ದಿನಕ್ಕೆ ಹತ್ತು ಸಲ ಹೊರೋಳು. ಪ್ರತಿಸಲ ಬಿಂದಿಗೆ ಇಳಿಸಿದಾಗಲೂ ಪಡುವಣದ ಎರಡು ಗುಡ್ಡದ ಸಂದಿ ಕಡೆ ನೋಡೋಳು. ಆ ಸಂದಿಯಲ್ಲೇ ತವರಿನ ದಾರಿ ನುಸುಳಿ ಹೋಗ್ತಿತ್ತಂತೆ.

ಆಮೇಲೆ ಯುಗಾದಿ ಬಂತು, ತಮ್ಮ ಪಾಲಯ್ಯ ಕರೆಯೋಕೆ ಬಂದ, ದವನ ಇನ್ನೂ ಎರಡೆಲೆ, ಇರಲಿ ಅಂತ ಬರಿಗೈಲೇ ಹೋಗಿ ಮೂರು ದಿನ ಇದ್ದು ಬಂದಳಂತೆ. ಬಂದು ನೋಡಿದರೆ ಹಿತ್ತಲೆಲ್ಲ ಕಡ್ಡಿ. ಹಾಲಮ್ಮನಿಗೆ ಮಂಡಿನೋವು, ಮೊದಲನೇ ದಿನ ಗಿಡಕ್ಕೊಂದು ಕೊಡ ದಬದಬ ಸುರಿದು, ಮೂರು ದಿನದ್ದು ಒಂದೇ ಸಲ ಕುಡೀರಿ ಅಂತ ಹೇಳಿ ಮಲಗಿಬಿಟ್ಟಿದ್ದಳಂತೆ. ಗಿಡ ಏನು ಒಂಟೆಯಾ? ನೀರು ಹರಿದು ಬೀದಿಗೆ ಹೋಯ್ತು, ಬಿಸಿಲು ಮಿಕ್ಕಿದ್ದು ನೆಕ್ಕಿತು.

ನಿಂಗೆ ತವರೂ ಬೇಕು, ಹಿತ್ತಲೂ ಬೇಕು ಅಂದ್ರೆ ಹೆಂಗಾಗುತ್ತೆ ತಿಪ್ಪೀ, ಯಾವುದಾದ್ರೂ ಒಂದು ಬಿಡು ಅಂದಳಂತೆ ಹಾಲಮ್ಮ.

ತಿಪ್ಪಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡೂ ಬಿಡಲ್ಲ ಅತ್ತೆ, ನನ್ನ ಹಿತ್ತಲು ತಾನೇ ತಾನಾಗಿ ನೀರು ಕುಡಿಯೋ ಹಂಗೆ ಮಾಡ್ತೀನಿ, ಅಲ್ಲೀವರೆಗೂ ತವರಿನ ಹೊಸಿಲು ತುಳಿಯಲ್ಲ, ಇದು ನನ್ನ ಆಣೆ ಅಂದುಬಿಟ್ಟಳಂತೆ. ಆಗಲೇ ನೋಡು ಆ ಮೂವರು ಆಗಲ್ಲ ಅಂದಿದ್ದು. ಆಡಿದ ಮೇಲೆ ತಿಪ್ಪಕ್ಕನಿಗೂ ದುಡುಕಿದೆ ಅನ್ನಿಸಿತಂತೆ. ಆದರೆ ಆಡಿದ ಮಾತು ವಾಪಸ್ ನುಂಗೋ ಜಾತಿ ಅವಳದ್ದಲ್ಲ.

ಇಪ್ಪತ್ತೊಂದು ಗಿಡ ಮತ್ತೆ ನೆಟ್ಟು, ಮಿಕ್ಕಿದ್ದ ದವನದ ಬೀಜ ಒಂದಿಷ್ಟು ಹಾಕಿದಳು, ಆದರೆ ಸುಮ್ಮನೆ ಆಣೆ ಇಟ್ಟರೆ ಆಯ್ತಾ? ಗಿಡ ತಾನೇ ನೀರು ಕುಡಿಯೋದು ಹೆಂಗೆ? ಬೇಸಿಗೆಯಲ್ಲಿ ಒಂದು ಸೋಮವಾರ ಈಶ್ವರನ ಗುಡಿಗೆ ಹೋಗಿದ್ದಾಗ, ಲಿಂಗದ ನೆತ್ತಿ ಮೇಲೆ ತಂಬಿಗೆ ತೂಗುಹಾಕಿದ್ದರಂತೆ, ಅದರ ತಳದಲ್ಲಿ ಸಣ್ಣ ತೂತು, ತೊಟ್... ತೊಟ್... ಅಂತ ಹಗಲೂ ರಾತ್ರಿ ನೀರು. ತಿಪ್ಪಕ್ಕ ಕೈ ಮುಗಿಯೋದನ್ನೂ ಮರೆತು ನೋಡಿದಳಂತೆ. ಶಿವನೇ, ನೀನು ಕಲ್ಲು, ನಿಂಗೆ ಹನಿ ಹನಿ ಸೇವೆ, ನನ್ನ ಬದನೆಗೆ ಜೀವ ಇದೆ, ಅದಕ್ಕಿಲ್ಲವಾ ಅಂದಳಂತೆ. ಪೂಜಾರಿ ಕೇಳಿಸಿಕೊಂಡು, ಬೇಡಿಕೊಳ್ಳೋಕೆ ಬಂದಿದ್ದೀಯೋ ಜಗಳಕ್ಕೆ ಬಂದಿದ್ದೀಯೋ ತಾಯಿ ಅಂದನಂತೆ.

ಆಮೇಲೆ ಅವಳು ಚೆನ್ನಜ್ಜನ ಆವಿಗೆಗೆ ಹೋಗಿ, ಬಿರುಕು ಬಿಟ್ಟು ಮೂಲೆಗೆ ಹಾಕಿದ್ದ ದೊಡ್ಡ ಗುಡಾಣ ಕೇಳಿ, ಉರುಳಿಸಿಕೊಂಡು ಬಂದು, ಬಿರುಕಿಗೆ ಮೇಣ ಮೆತ್ತಿ, ಅದರ ಪಕ್ಕೆಗೆ ತಳದಿಂದ ನಾಲ್ಕು ಬೆರಳು ಮೇಲೆ ತೂತು ಕೊರೆದಳಂತೆ. ಬೊಮ್ಮಯ್ಯ ಆಗಲ್ಲ ಅಂತ ಹೇಳಿದವನೇ, ಕುರಿ ಮೇಯಿಸೋಕೆ ಹೋದ ಕಾಡಿಂದ ಉದ್ದನೆ ಬಿದಿರು ಹೊತ್ತು ತಂದು ಅಂಗಳದಲ್ಲಿ ಹಾಕಿ, ಕೈಕಾಲು ತೊಳೆಯೋಕೆ ಹೋದನಂತೆ. ಅವಳು ಕಾದ ಸಲಾಕೆಯಿಂದ ಬಿದಿರಿನ ಗೆಣ್ಣು ಒಡೆದು ಕೊಳವೆ ಮಾಡಿ, ಗಿಡಕ್ಕೊಂದರಂತೆ ಇಪ್ಪತ್ತೊಂದು ತೂತು, ದವನಕ್ಕೆ ಒಂದು ಕೊನೇ ತೂತು ಸುಟ್ಟು, ಬಿದಿರಿನ ತುದಿಗೆ ಬಿರಡೆ ಜಡಿದು, ಬುಡ ಗುಡಾಣಕ್ಕೆ ಸಿಕ್ಕಿಸಿ ನೀರು ತುಂಬಿದಳಂತೆ. ನೀರು ಎರಡು ಗಿಡದವರೆಗೆ ಬಂದು ನಿಂತುಬಿಟ್ಟಿತಂತೆ. ಯಾಕೆ ಹೇಳು? ಗುಡಾಣ ನೆಲದ ಮೇಲಿತ್ತು.

ಹಾಲಮ್ಮ ಒಳಗಿಂದಲೇ ಕೂಗಿದಳಂತೆ, ನಿನ್ನ ನೀರಿಗೂ ನಿನ್ನ ಥರಾನೇ ಹಠ ಕಣೇ, ಮುಂದೆ ಹೋಗಲ್ಲ ಅನ್ನುತ್ತೆ ಅಂತ.

ನೀರಿಗೆ ಇಳಿಯೋದು ಗೊತ್ತು, ಹತ್ತೋದು ಗೊತ್ತಿಲ್ಲ. ಹಂಗಾದ್ರೆ ಗುಡಾಣ ಹತ್ತಿಸಬೇಕು. ಕಲ್ಲಿನ ಮೇಲೆ ಕಲ್ಲು ಜೋಡಿಸಿ, ಮಂಡಿಯೆತ್ತರ ಕಟ್ಟೆ ಕಟ್ಟಿದಳು, ಸಾಲಲಿಲ್ಲ, ಬಿಚ್ಚಿ ಸೊಂಟದೆತ್ತರ ಕಟ್ಟಿದಳು. ಅಷ್ಟರಲ್ಲಿ ಯುಗಾದಿ ಬಂತು, ಪಾಲಯ್ಯ ಬಂದ, ಹೋಳಿಗೆ ತಂದ, ಅವ್ವ ಹೊಸೆದ ದೀಪದ ಬತ್ತಿ ಕಟ್ಟು ತಂದ. ಅವ್ವ ಬತ್ತಿ ಹೊಸೆದರೆ ಊರೇ ನೋಡಬೇಕು, ನೂರು ಬತ್ತಿ ಇಟ್ಟರೆ ನೂರೂ ಒಂದೇ ತಾಯಿ ಮಕ್ಕಳು. ಬಾರಕ್ಕಾ ಅಂದ ತಮ್ಮ. ಇನ್ನೂ ಆಗಿಲ್ಲ ಕಣಪ್ಪಾ ಅಂದಳಂತೆ ತಿಪ್ಪಕ್ಕ, ಅವನು ಗುಡ್ಡದ ಸಂದಿ ದಾಟೋತನಕ ನಿಂತು ನೋಡಿದಳಂತೆ.

ಈಗ ನೀರು ಕೊನೆವರೆಗೂ ಹೋಯ್ತು, ಆದರೆ ಹನಿಯಲ್ಲ, ಧಾರೆ. ಬೆಳಗ್ಗೆ ತುಂಬಿದ ಗುಡಾಣ ಮಧ್ಯಾಹ್ನಕ್ಕೆ ಖಾಲಿ. ತಿಪ್ಪಕ್ಕ ತಲೆಮೇಲೆ ಕೈಹೊತ್ತು ಕೂತಿದ್ದಾಗ ದೇವರ ಗೂಡಲ್ಲಿದ್ದ ಅವ್ವನ ಬತ್ತಿ ಕಣ್ಣಿಗೆ ಬಿತ್ತಂತೆ. ಒಂದೊಂದು ತೂತಿಗೆ ಒಂದೊಂದು ಬತ್ತಿ ತೂರಿಸಿದಳು. ತೊಟ್... ಒಂದು, ಎರಡು, ಮೂರು, ನಾಲ್ಕು, ಐದು... ತೊಟ್. ಅವ್ವಾ ಅಂದಳಂತೆ ತಿಪ್ಪಕ್ಕ, ಅಲ್ಲಿ ಯಾರೂ ಇರಲಿಲ್ಲ.

ನಾಲ್ಕು ದಿನ ಬಿದ್ದ ಹನಿ ಐದನೇ ದಿನ ನಿಂತುಹೋಯ್ತು. ಬಾವಿ ನೀರಿನ ಬಗ್ಗಡ ಬತ್ತಿಗೆ ಮೆತ್ತಿಕೊಂಡಿತ್ತು. ಹಾಲಮ್ಮ ತನ್ನ ಹಳೇ ಸೀರೆ ಎಸೆದಳಂತೆ, ತಗೋ, ಗುಡಾಣದ ಬಾಯಿಗೆ ಕಟ್ಟು, ಅದಾದರೂ ಬಾಯಿ ಮುಚ್ಚಿಕೊಂಡಿರಲಿ ಅಂತ. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ತುಂಬೋದು, ವಾರಕ್ಕೊಂದು ಸಲ ತುದಿಯ ಬಿರಡೆ ಕಿತ್ತು ಕೊಳವೆ ತೊಳೆಯೋದು, ಬುಡಕ್ಕೆ ರಾಗಿಹುಲ್ಲು ಹೊದಿಸೋದು, ಇಷ್ಟೆಲ್ಲ ಕಲಿಯೋ ಹೊತ್ತಿಗೆ ಇನ್ನೊಂದು ಯುಗಾದಿ. ಪಾಲಯ್ಯ ಬಂದ, ಬತ್ತಿ ತಂದ. ಅವ್ವ ತಡ ಮಾಡಬೇಡ ಅಂದಳು ಕಣಕ್ಕಾ ಅಂದು ನೆಲ ನೋಡಿದನಂತೆ. ಯಾಕೆ ಅಂತ ಅವಳು ಕೇಳಬೇಕಿತ್ತು. ಕೇಳಲಿಲ್ಲ. ಇನ್ನೊಂದೇ ಬಾಕಿ ಇದೆ ಅಂತ ಹೇಳು ಅಂದಳಂತೆ.

ಆ ಒಂದು ಏನು ಗೊತ್ತಾ? ಗುಡಾಣದ ಪಕ್ಕದ ಬದನೆಗೆ ಬೇಗಬೇಗ ಹನಿ, ಬೇಲಿ ಪಕ್ಕದ ದವನಕ್ಕೆ ಬರ. ಬದನೆ ಬುಡ ಕೊಳೀತು, ದವನ ಒಣಗಿತು. ಮತ್ತೆ ಬಿತ್ತಿದಳು, ಅದೂ ಒಣಗಿತು. ಬಿದಿರು ಎತ್ತಿ ನೋಡಿದಳು, ತಗ್ಗಿಸಿ ನೋಡಿದಳು, ಆಗಲಿಲ್ಲ. ಮೂರನೇ ಸಲ ಬಿತ್ತಿದ ದವನ ಸಾಯಬಾರದು ಅಂತ ಅದಕ್ಕೆ ಮಾತ್ರ ಚೊಂಬಲ್ಲಿ ಹನಿಸ್ತಾ, ಗುಡ್ಡ ನೋಡ್ತಾ ಒಂದು ವರ್ಷ ಕಳೆದಳಂತೆ.

ಮೂರನೇ ಯುಗಾದಿಗೆ ಪಾಲಯ್ಯ ಬಂದು ಕಟ್ಟು ಬಿಚ್ಚಿದರೆ, ಬತ್ತಿಗಳು ಒಂದು ಹೆಬ್ಬೆಟ್ಟಿನಷ್ಟು ದಪ್ಪ, ಒಂದು ನೂಲಿನಷ್ಟು ತೆಳು, ಒಂದು ನಡುವೆ ಗಂಟು.

ಏನೋ ಇದು ಪಾಲಾ, ಅವ್ವ ಯಾರ ಕೈಲಿ ಹೊಸೆಸಿದಳೋ, ನಿನ್ನ ಹೆಂಡತಿ ಕೈಲಾ ಅಂತ ತಿಪ್ಪಕ್ಕ ನಕ್ಕಳಂತೆ.

ಪಾಲಯ್ಯ ನಗಲಿಲ್ಲವಂತೆ. ಅವ್ವನೇ ಹೊಸೆದಿದ್ದು ಅಕ್ಕಾ, ಈಗ ಕೈಯಲ್ಲಿ ತಡವಿ ಹೊಸೀತಾಳೆ, ಹೋದ ವರ್ಷದಿಂದ ಕಣ್ಣು ಮಬ್ಬು, ಹೇಳಬೇಡ ಅಂತ ಆಣೆ ಹಾಕಿದ್ದಳು, ಹೇಳಿದರೆ ಓಡಿ ಬರ್ತಾಳೆ, ಅವಳ ಹಿತ್ತಲು ಹಾಳಾಗುತ್ತೆ, ನನ್ನಿಂದ ಅವಳ ಮಾತು ಮುರಿಯೋದು ಬೇಡ ಅಂದಳು, ಅಂದನಂತೆ. ತಾಯಿಯದೂ ಅದೇ ಹಠ, ಮಗಳದೂ ಅದೇ ಹಠ.

ತಿಪ್ಪಕ್ಕ ಬತ್ತಿ ಕಟ್ಟಿನ ಮುಂದೆ ಕೂತಳಂತೆ. ಆ ದಪ್ಪ ಬತ್ತಿ, ಆ ತೆಳು ಬತ್ತಿ, ಒಂದೊಂದನ್ನೇ ಎತ್ತಿ ಕೆನ್ನೆಗೆ ಒತ್ತಿಕೊಂಡಳಂತೆ. ಒತ್ತಿಕೊಳ್ತಾ ಒತ್ತಿಕೊಳ್ತಾ, ಒಂದು ದಪ್ಪದ್ದು ಕೈಲಿ ಹಿಡಿದು ಹಂಗೇ ಎದ್ದು ನಿಂತಳಂತೆ. ದಪ್ಪ ಬತ್ತಿ ತೂತಿಗೆ ಬಿಗಿ, ನೀರನ್ನ ತಡೆಯುತ್ತೆ. ತೆಳು ಬತ್ತಿ ಸಡಿಲ, ನೀರನ್ನ ಬಿಡುತ್ತೆ. ಹತ್ತಿರಕ್ಕೆ ದಪ್ಪದ್ದು, ದೂರಕ್ಕೆ ತೆಳುದು! ಅಳ್ತಾ ಅಳ್ತಾನೇ ಇಪ್ಪತ್ತೆರಡು ಬತ್ತಿ ಆರಿಸಿ ತೂರಿಸಿದಳು, ಹದಿನೆಂಟು ಬಿಂದಿಗೆ ಹೊತ್ತು ಗುಡಾಣ ತುಂಬಿದಳು. ಬೆಳಗ್ಗೆ ಎದ್ದು ನೋಡಿದರೆ ಬದನೆ ಬುಡದಲ್ಲೂ ಅಂಗೈಯಗಲ ತೇವ, ದವನದ ಬುಡದಲ್ಲೂ ಅಂಗೈಯಗಲ ತೇವ. ಗುಡಾಣ ಒಂದು ಗೇಣು ಕೂಡ ಇಳಿದಿರಲಿಲ್ಲವಂತೆ.

ಹಾಲಮ್ಮ ಗುಡಾಣ ನೋಡಿದಳು, ಸೊಸೆ ಮುಖ ನೋಡಿದಳು. ಒಂಬತ್ತು ದಿನಕ್ಕೆ ಮೋಸವಿಲ್ಲ ಅಂತ ಕಾಣುತ್ತೆ, ನಡಿ, ಹತ್ತನೇ ದಿನ ನಾನಂತೂ ಕೊಡ ಎತ್ತೋಳಲ್ಲ ಅಂದಳಂತೆ. ಅವಳ ಬಾಯಲ್ಲಿ ಅದೇ ಆಶೀರ್ವಾದ.

ತಿಪ್ಪಕ್ಕ ದವನ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ನಡೆದಳಂತೆ. ತಮ್ಮ ಹಿಂದೆ ಹಿಂದೆ ಬಂದ. ಹೊತ್ತು ಮುಳುಗೋವಾಗ ತವರಿನ ಬೀದಿ. ಅವ್ವ ಜಗಲಿ ಮೇಲೆ ಕೂತು ತೊಡೆ ಮೇಲೆ ಬತ್ತಿ ಹೊಸೀತಿದ್ದಳು. ತಿಪ್ಪಕ್ಕ ಒದ್ದೆ ಬಟ್ಟೆ ಬಿಚ್ಚಿ ದವನ ಕೈಗೆ ತಗೊಂಡಳು. ಅಷ್ಟರಲ್ಲಿ ಅವ್ವ ಕೈ ನಿಲ್ಲಿಸಿ, ಮೂಗು ಎತ್ತಿ, ಯಾರದು ದವನ ತಂದಿದ್ದು ಅಂದಳಂತೆ.

ತಿಪ್ಪಕ್ಕ ಹತ್ತಿರ ಹೋಗಿ ಮುಡಿಗೆ ಇಟ್ಟಳು. ನೋಡವ್ವಾ ಅಂದಳು. ಅವ್ವ ಮುಖ ಎತ್ತಿದಳು, ಆದರೆ ನೋಟ ಮಗಳ ಮುಖದ ಪಕ್ಕಕ್ಕೆ, ಅಲ್ಲಿರೋ ಕಂಬಕ್ಕೆ ಹೋಯ್ತು. ಆಮೇಲೆ ಕೈ ಚಾಚಿ ಮಗಳ ಹಣೆ ಮುಟ್ಟಿ, ಮೂಗು ಮುಟ್ಟಿ, ನೆತ್ತಿ ಸವರಿದಳು. ನೆತ್ತಿ ಮೇಲೆ ಸಿಂಬೆ ಇಟ್ಟೂ ಇಟ್ಟೂ ಅಂಗೈಯಗಲ ಕೂದಲು ಸವೆದಿತ್ತು. ಅಲ್ಲೇ ಕೈ ನಿಂತಿತು.

ಇಷ್ಟು ನೀರು ಹೊತ್ತೆಯಾ ಮಗಳೇ ಅಂದಳಂತೆ ಅವ್ವ. ಕಣ್ಣು ತುಂಬ ನೋಡ್ತೀನಿ ಅಂದಿದ್ದೆ, ನಾನು ಕಾದೆ, ಕಣ್ಣು ಕಾಯಲಿಲ್ಲ ಕಣೇ.

ಹಠ ನಂದು, ಹೋಗಿದ್ದು ನಿನ್ನ ಕಣ್ಣು ಅಂತ ತಿಪ್ಪಕ್ಕ ಅವ್ವನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳಂತೆ. ಹುಟ್ಟಿದಾಗ ಅತ್ತಿದ್ದಕ್ಕಿಂತ ಜೋರಾಗಿ.

ಏನು ಕೂಸೇ, ನೀನೂ ಅಳ್ತೀಯಾ? ಅಳಬೇಡ, ಇನ್ನೂ ಇದೆ ಕೇಳು. ಒಂಬತ್ತನೇ ದಿನ ತಿಪ್ಪಕ್ಕ ಗಾಡಿಯಲ್ಲಿ ಹುಲ್ಲು ಹಾಸಿ, ಅವ್ವನನ್ನ ಕೂರಿಸಿಕೊಂಡೇ ಬಂದಳಂತೆ. ಮಗಳ ಮನೆ ನೀರು ಮುಟ್ಟಬಾರದು ಕಣೇ ಅಂತ ಅವ್ವ ದಾರಿಯುದ್ದಕ್ಕೂ ಗೊಣಗಿದಳು. ಮುಟ್ಟಬೇಡ, ಬರೀ ಕೇಳು ಅಂದಳಂತೆ ತಿಪ್ಪಕ್ಕ. ಹಿತ್ತಲಿನ ಕಟ್ಟೆ ಮೇಲೆ ಕೂರಿಸಿದಳು. ಇಪ್ಪತ್ತೊಂದು ಗಿಡವೂ ಹಸಿರು, ಗುಡಾಣದ ತಳದಲ್ಲಿ ಇನ್ನೂ ಒಂದಿಷ್ಟು ನೀರು. ಅವ್ವ ಕಿವಿಗೊಟ್ಟಳು. ತೊಟ್... ತೊಟ್... ಸುಮಾರು ಹೊತ್ತು ಕೇಳಿ, ಬಲಗಡೆಯಿಂದ ಏಳನೇದು ಮಾತಾಡ್ತಿಲ್ಲ, ನೋಡು ಅಂದಳಂತೆ. ನೋಡಿದರೆ ಮೆಣಸಿನ ಗಿಡದ ಬತ್ತಿ ಕಟ್ಟಿಕೊಂಡಿತ್ತು!

ಆಗ ಹಾಲಮ್ಮ ಕುಂಟುತ್ತಾ ಬಂದು ಒಂದು ಚೊಂಬು ನೀರು ಅವ್ವನ ಕೈಗೆ ಹಿಡಿಸಿದಳಂತೆ. ಕುಡಿ ಬೀಗಿತ್ತಿ, ಇದು ಮಗಳ ಮನೆ ನೀರಲ್ಲ, ನಿನ್ನ ಬತ್ತಿಯಿಂದ ಇಳಿದ ನೀರು, ಬೆಳಗ್ಗೆಯಿಂದ ತೂತಿನ ಕೆಳಗೆ ಚೊಂಬು ಇಟ್ಟು ಹಿಡಿದಿದ್ದೀನಿ, ಬೇಡ ಅಂದ್ರೆ ಬದನೆಗೆ ಹೊಯ್ತೀನಿ ಅಂದಳಂತೆ. ಅವ್ವ ಕುಡಿದಳಂತೆ.

ಅವತ್ತಿಂದ ಅವ್ವ ಅಲ್ಲೇ ಉಳಿದಳು. ಹಗಲೆಲ್ಲ ಕಟ್ಟೆ ಮೇಲೆ ಕೂತು ಕಿವಿಯಲ್ಲೇ ಹಿತ್ತಲು ಕಾಯೋಳು, ಹಾಲಮ್ಮನ ಜೊತೆ ಹೊತ್ತು ಹೋಗೋಕೆ ಜಗಳ ಆಡೋಳು, ದಪ್ಪ ಬತ್ತಿ ಬೇರೆ, ತೆಳು ಬತ್ತಿ ಬೇರೆ ಹೊಸೆದು ಇಡೋಳು. ಚೆನ್ನಜ್ಜ ಪಕ್ಕೆಗೆ ತೂತಿರೋ ಗುಡಾಣ ಮಾಡೋಕೆ ಕಲಿತ. ಆಗಲ್ಲ ಅಂದಿದ್ದು ಯಾರು ಅಂದ್ರೆ ಯಾರಿಗೂ ನೆನಪಿರಲಿಲ್ಲವಂತೆ, ತಿಪ್ಪಕ್ಕನಿಗೆ ಬಿಟ್ಟು.

ತಿಪ್ಪಕ್ಕನ ಹತ್ತಿರ ಈಗ ಏನಿದೆ ಅಂತ ಕೇಳಿದರೆ, ಇಪ್ಪತ್ತೊಂದು ಗಿಡ ಇದೆ, ಒಂದು ಸಾಲು ದವನ ಇದೆ, ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಮೇಣ ಮೆತ್ತಿದ ಗುಡಾಣ, ಕಟ್ಟೆಯ ತುದಿಯಲ್ಲಿ ಅವ್ವ. ಅದಕ್ಕೆ ಅವಳು ಕೊಟ್ಟಿದ್ದು ಮೂರು ವರ್ಷ, ಅಂಗೈಯಗಲ ಕೂದಲು, ಆಮೇಲೆ ಅವ್ವ ಕಣ್ಣು ತುಂಬ ನೋಡ್ತೀನಿ ಅಂದಿದ್ದ ಆ ಒಂದು ನೋಟ. ಕತೆ ಮುಗೀತು ಕೂಸೇ, ಗುಡಾಣದ ನೀರು ಇನ್ನೂ ಮುಗಿದಿಲ್ಲ.